ರೆಕಾರ್ಡ್ ಗುಂಡಿ ಒತ್ತುವ ಮುನ್ನ

ಧಾರವಾಡದ ಮನೆಯ ನಾಗೊಂದಿಗೆಯಿಂದ ಇಳಿಸಿದ ವಿಎಚ್‌ಎಸ್ ಕ್ಯಾಸೆಟ್ ಯಾವುದು, ಗದಗ ಸೀಮೆಯ ಟ್ರಂಕಿನಿಂದ ತೆಗೆದದ್ದು ಯಾವುದು ಎಂಬುದು ಲೇಬಲ್ ಓದದೆಯೂ ಗೊತ್ತಾಗುತ್ತದೆ. ಧಾರವಾಡದ್ದರಲ್ಲಿ ಕಿಟಕಿಯ ಪ್ಲಾಸ್ಟಿಕ್ಕಿನ ಹಿಂದೆ, ಸುತ್ತಿದ ಟೇಪಿನ ಅಂಚಿನ ಮೇಲೆ, ಬಿಳಿ ಬೂಷ್ಟಿನ ಚುಕ್ಕಿಗಳಿರುತ್ತವೆ. ಜೂನಿನಿಂದ ಆಗಸ್ಟ್ ತನಕ ಹಿಡಿಯುವ ಜಿಟಿಜಿಟಿ ಮಳೆಯ ತಂಪು ಇಪ್ಪತ್ತು ಮೂವತ್ತು ವರ್ಷ ಅದರೊಳಗೆ ಕೂತಿರುತ್ತದೆ. ರೋಣ, ನವಲಗುಂದದ ಕಡೆಯದನ್ನು ಮೆಲ್ಲಗೆ ಅಲ್ಲಾಡಿಸಿದರೆ ಸಂದಿಯಿಂದ ಎರೆಮಣ್ಣಿನ ಸಣ್ಣ ಧೂಳು ಉದುರುತ್ತದೆ. ಹಾವೇರಿ ಕಡೆಯವು ಎರಡರ ನಡುವೆ. ಇಂಥ ಹಳೆಯ ವಿಡಿಯೊ ಟೇಪನ್ನು ಡಿಜಿಟಲ್ ಫೈಲು ಮಾಡುವ, ಮೂರು ಇಂಚಿನ ಪರದೆಯ ಕ್ಯಾಪ್ಚರ್ ಡಬ್ಬಿಗೆ ಇದ್ಯಾವುದೂ ತಿಳಿಯುವುದಿಲ್ಲ. ತನ್ನ ಬಾಯಿಗೆ ಬಂದ ಸಿಗ್ನಲ್ಲನ್ನು ಅದು ಬರೆದಿಡುತ್ತದೆ, ಅಷ್ಟೇ. ಹೀಗಾಗಿ ಕೆಲಸದ ಮುಕ್ಕಾಲು ಪಾಲು ರೆಕಾರ್ಡ್ ಗುಂಡಿ ಒತ್ತುವ ಮೊದಲೇ ಆಗಿರಬೇಕು.

ಡಬ್ಬಿ ಎಂದರೆ ಅಂಗೈ ಅಗಲದ ಸಾಧನ. ಒಂದು ಬದಿಗೆ ಹಳದಿ, ಬಿಳಿ, ಕೆಂಪು ತೂತುಗಳು, ಕೆಲವಕ್ಕೆ ಎಸ್-ವಿಡಿಯೊ ಕೂಡ; ಇನ್ನೊಂದು ಬದಿಗೆ ಎಸ್‌ಡಿ ಕಾರ್ಡಿನ ಸಂದಿ; ಒಳಗೆ ಬ್ಯಾಟರಿ. ಕಂಪ್ಯೂಟರ್ ಬೇಕಿಲ್ಲ. ಬಂದ ಚಿತ್ರವನ್ನು ಎಚ್.264 ಎಂಬ ಪದ್ಧತಿಯಲ್ಲಿ ಅಡಕಿ ಎಂಪಿ4 ಫೈಲ್ ಮಾಡಿ ಕಾರ್ಡಿಗೆ ಹಾಕುತ್ತದೆ. ಕಂಪ್ಯೂಟರಿಗೆ ಒಳ್ಳೆಯ ಕ್ಯಾಪ್ಚರ್ ಕಾರ್ಡ್ ಜೋಡಿಸಿ, ಏನೂ ನಷ್ಟವಾಗದ ಹಫ್‌ವೈಯುವಿಯಂಥ ಕೊಡೆಕ್‌ನಲ್ಲಿ, ಅಂದರೆ ಅಡಕುವ ವಿಧಾನದಲ್ಲಿ, ಹಿಡಿದರೆ ಗುಣಮಟ್ಟ ಇದಕ್ಕಿಂತ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ತಾಸಿಗೆ 30 ಜಿಬಿಯ ಆಸುಪಾಸು ಜಾಗ ಬೇಕು, ಎಲ್ಲ ಸರಂಜಾಮೂ ಒಂದೇ ಕಡೆ ಹೂಡಿರಬೇಕು. ನಮ್ಮ ಕಡೆ ಲಗ್ನದ ಕ್ಯಾಸೆಟ್ಟನ್ನು ಜನ ಮನೆ ಹೊರಗೆ ಕೊಡುವುದಿಲ್ಲ. "ಇಲ್ಲೇ ಕುಂತು ಮಾಡ್ಕೊರ್ರಿ ಅಣ್ಣಾರ, ಒಯ್ಯೂದು ಮಾತ್ರ ಬ್ಯಾಡ" ಎನ್ನುತ್ತಾರೆ, ಹಾಗೆನ್ನುವುದರಲ್ಲಿ ತಪ್ಪೂ ಇಲ್ಲ. ಅಂಥ ಕಡೆ ಕ್ಯಾಸೆಟ್ ಓಡಿಸುವ ಡೆಕ್ಕು (ವಿಸಿಆರ್), ಡಬ್ಬಿ, ಕೇಬಲ್ಲು ಒಂದೇ ಚೀಲದಲ್ಲಿ ಒಯ್ದು ಅವರ ಪಡಸಾಲೆಯಲ್ಲೇ ಕೂರಬಹುದು ಎಂಬುದು ಡಬ್ಬಿಯ ದೊಡ್ಡ ಉಪಕಾರ. ಮಲ್ಲಿಕಾರ್ಜುನ ಮನಸೂರರು ತೀರಿಕೊಂಡದ್ದು 1992ರಲ್ಲಿ, ಗಂಗೂಬಾಯಿ ಹಾನಗಲ್ಲರು 2009ರಲ್ಲಿ, ಗದಗಿನ ಪುಟ್ಟರಾಜ ಗವಾಯಿಗಳು 2010ರಲ್ಲಿ. ಅಂಥವರ ಬೈಠಕ್ಕನ್ನು ಯಾರಾದರೂ ಮನೆಯಲ್ಲಿ ಹಿಡಿದಿಟ್ಟ ಟೇಪು ಕೈಗೆ ಬಂದರೆ ಮಾತ್ರ ಡಬ್ಬಿಯ ಪ್ರತಿಯನ್ನು ತತ್ಕಾಲದ್ದೆಂದೇ ತಿಳಿಯಬೇಕು, ಕಂಪ್ಯೂಟರಿನ ಹಾದಿಯಲ್ಲಿ ಇನ್ನೊಮ್ಮೆ ಹಿಡಿಯಬೇಕು.

ಮೊದಲು ಕ್ಯಾಸೆಟ್ ನೋಡುವುದು. ಬೆನ್ನಿನ ಮೇಲಿನ ಸಣ್ಣ ಪ್ಲಾಸ್ಟಿಕ್ ಚಕ್ಕೆ ಇನ್ನೂ ಇದ್ದರೆ ಎಲ್ಲಕ್ಕೂ ಮೊದಲು ಅದನ್ನು ಮುರಿದು ತೆಗೆಯಬೇಕು. ಅದು ಇರುವ ತನಕ ಡೆಕ್ಕಿನಲ್ಲಿ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೆ ಹಳೆಯ ಚಿತ್ರ ಅಳಿಸಿಹೋಗುತ್ತದೆ. ಚಕ್ಕೆ ಮುರಿದ ಮೇಲೆ ಡೆಕ್ಕು ಬರೆಯಲು ಒಪ್ಪುವುದಿಲ್ಲ. ಆಮೇಲೆ ಟಾರ್ಚಿನ ಬೆಳಕನ್ನು ಕಿಟಕಿಗೆ ಓರೆಯಾಗಿ ಬಿಡಬೇಕು. ನೇರ ಬಿಟ್ಟರೆ ಹೊಳಪಷ್ಟೇ ಕಾಣುತ್ತದೆ. ಓರೆ ಬೆಳಕಿನಲ್ಲಿ ಸುತ್ತಿದ ಟೇಪು ಗ್ರಾಮೊಫೋನ್ ತಟ್ಟೆಯಂತೆ ಒಂದೇ ಸಮನೆ ಕಪ್ಪಾಗಿ ಕಂಡರೆ ಒಳ್ಳೆಯದು. ಅಲ್ಲಲ್ಲಿ ಹಿಟ್ಟು ಚಿಮುಕಿಸಿದಂತೆ ಬಿಳಿ ಕಂಡರೆ ಬೂಷ್ಟು. ಕೆಲವು ಸುತ್ತು ಮಾತ್ರ ಮೇಲೆದ್ದು ನಿಂತಿದ್ದರೆ ಟೇಪಿನ ಅಂಚು ಮಡಚಿದೆ ಎಂದರ್ಥ. ಯಾವ ಅಂಚು ಎಂಬುದೂ ಮುಖ್ಯ. ವಿಎಚ್‌ಎಸ್ ಟೇಪಿನ ಅಗಲ 12.7 ಮಿಲಿಮೀಟರ್. ಮೇಲಂಚಿನ 1 ಮಿಲಿಮೀಟರ್ ಪಟ್ಟಿಯಲ್ಲಿ ಮಾಮೂಲಿ ಧ್ವನಿ ಇರುತ್ತದೆ, ಕೆಳ ಅಂಚಿನ 0.75 ಮಿಲಿಮೀಟರಿನಲ್ಲಿ ಕಂಟ್ರೋಲ್ ಟ್ರ್ಯಾಕ್, ನಡುವೆ ಓರೆ ಗೆರೆಗಳಾಗಿ ಚಿತ್ರ. ಮೇಲಂಚು ಸುಕ್ಕಾಗಿದ್ದರೆ ಚಿತ್ರ ಚೆನ್ನಾಗಿದ್ದು ಧ್ವನಿ ಬಂದು ಹೋಗಿ ಮಾಡುತ್ತದೆ. ಕೆಳ ಅಂಚು ಕೆಟ್ಟಿದ್ದರೆ ಟೇಪು ಎಷ್ಟು ವೇಗದಲ್ಲಿ ಓಡಬೇಕೆಂದು ಡೆಕ್ಕಿಗೆ ತಿಳಿಯದೆ ಚಿತ್ರವೇ ಹರಿದಾಡುತ್ತದೆ.

ಬೂಷ್ಟಿನ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆಯ ಡೆಕ್ಕುಗಳು ಕೆಡುವುದು ಇಲ್ಲೇ. ಬೂಷ್ಟು ಹಿಡಿದ ಟೇಪನ್ನು ಹಾಗೇ ಹಚ್ಚಿದರೆ ಆ ಬಿಳಿ ಪುಡಿ ಟೇಪನ್ನು ಓದುವ, ತಿರುಗುವ ಹೆಡ್ಡಿನ ಸಂದಿಗೆ ಮೆತ್ತಿಕೊಂಡು ಚಿತ್ರವೆಲ್ಲ ಹಿಮ ಸುರಿದಂತಾಗುತ್ತದೆ. ಮರುದಿನ ಅದೇ ಡೆಕ್ಕಿಗೆ ಹಾಕಿದ ಚೊಕ್ಕ ಟೇಪಿಗೂ ಅದು ಹರಡುತ್ತದೆ. ಬೂಷ್ಟು ಹಸಿಯಿದ್ದಾಗ ಒರೆಸಿದರೆ ಬಳಿದುಕೊಳ್ಳುತ್ತದೆ. ಒಣಗಿಸಿದರೆ ಪುಡಿಯಾಗಿ ಬಿಡಿಸಿಕೊಳ್ಳುತ್ತದೆ. ಹೀಗಾಗಿ ಕ್ಯಾಸೆಟ್ಟನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಎರಡು ಹಿಡಿ ಸಿಲಿಕಾ ಜೆಲ್ ಜೊತೆ ವಾರದ ಮಟ್ಟಿಗೆ ಇಡಬೇಕು. ಬಿಸಿಲಿಗಿಡಬಾರದು, ಓವನ್ನಿನಲ್ಲಂತೂ ಇಡಲೇಬಾರದು. ಒಣಗಿದ ಮೇಲೆ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಅಂಗಳದಲ್ಲೋ ಮಾಳಿಗೆ ಮೇಲೋ ಕೂತು ಬಿಚ್ಚಬೇಕು. ಆ ಪುಡಿ ಪುಪ್ಪುಸಕ್ಕೆ ಒಳ್ಳೆಯದಲ್ಲ.

ವಿಎಚ್‌ಎಸ್ ಕವಚಕ್ಕೆ ಕೆಳಗಿನಿಂದ ಐದು ಸ್ಕ್ರೂ. ಬಿಚ್ಚಿದ ಮೇಲೆ ಮೇಲ್ಭಾಗವನ್ನು ನೆಟ್ಟಗೆ ಎತ್ತಬೇಕು, ಓರೆ ಎತ್ತಿದರೆ ಸ್ಪ್ರಿಂಗು ಹಾರುತ್ತದೆ. ಎತ್ತುವ ಮೊದಲು ಮತ್ತು ಎತ್ತಿದ ಕೂಡಲೇ ಮೊಬೈಲಿನಲ್ಲಿ ಒಂದೊಂದು ಫೋಟೊ ತೆಗೆದಿಟ್ಟುಕೊಂಡರೆ ಟೇಪು ಯಾವ ಉರುಳೆಯ ಯಾವ ಬದಿಯಿಂದ ಹಾಯ್ದಿತ್ತು ಎಂಬ ಗೊಂದಲ ಆಗುವುದಿಲ್ಲ. ನೂಲು ಬಿಡದ ಮೆತ್ತಗಿನ ಅರಿವೆಯ ತುಂಡನ್ನು ಐಪಿಎಯಲ್ಲಿ ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬರೀ ತೇವ ಮಾಡಿ, ಟೇಪನ್ನು ಅದರೊಳಗೆ ಹಗುರಾಗಿ ಹಿಡಿದು, ಸುರುಳಿಯನ್ನು ಕೈಯಿಂದ ತಿರುಗಿಸುತ್ತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುತ್ತಬೇಕು. ಮೂರು ತಾಸಿನ ಇ-180 ಕ್ಯಾಸೆಟ್ಟಿನಲ್ಲಿ ಸುಮಾರು 258 ಮೀಟರ್ ಟೇಪು ಇರುತ್ತದೆ, ಬೆರಳು ಸೋಲುತ್ತವೆ. ಅರಿವೆಯನ್ನು ಮೇಲಿಂದ ಮೇಲೆ ಬದಲಿಸುತ್ತಿರಬೇಕು. ಕೊಳೆ ಹಿಡಿದ ತುಂಡು ಮುಂದಿನ ಟೇಪಿಗೆ ಕೊಳೆ ಹಚ್ಚುತ್ತದೆ, ಗೀರೂ ಬೀಳಿಸುತ್ತದೆ. ಐಪಿಎ 99 ಪ್ರತಿಶತದ್ದು ಬೇಕು. ಹುಬ್ಬಳ್ಳಿಯಲ್ಲಾಗಲಿ ಧಾರವಾಡದಲ್ಲಾಗಲಿ ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ನೀರು ಮತ್ತಿತರ ಬೆರಕೆ ಇರುವುದರಿಂದ ಅದು ಬೇಡ. ಬೂಷ್ಟಿನ ಕವಚಕ್ಕೆ ಟೇಪನ್ನು ಮರಳಿ ಹಾಕದೆ, ಖಾಲಿ ಕ್ಯಾಸೆಟ್ಟೊಂದರ ಚೊಕ್ಕ ಕವಚಕ್ಕೆ ಸುರುಳಿಗಳನ್ನು ವರ್ಗಾಯಿಸಿದರೆ ಮೇಲು.

ತುಂಡಾದ ಟೇಪಿಗೆ ಸೆಲೊಟೇಪ್ ಹಚ್ಚಿ ಜೋಡಿಸಿದ ಕ್ಯಾಸೆಟ್‌ಗಳು ಬಹಳ ಬರುತ್ತವೆ. ಅದರ ಅಂಟು ವರ್ಷ ಕಳೆದಂತೆ ಹೊರಗೆ ಒಸರಿ ಪಕ್ಕದ ಸುತ್ತುಗಳನ್ನು ಹಿಡಿದುಕೊಂಡಿರುತ್ತದೆ. ಅದನ್ನು ತೆಗೆದು, ಟೇಪು ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪಿನಿಂದ ಹಿಂಬದಿಗೆ, ಅಂದರೆ ಕ್ಯಾಸೆಟ್ಟಿನ ಒಳಮುಖದ ಕಡೆಗೆ, ಜೋಡಿಸಬೇಕು. ಎಷ್ಟೇ ನಾಜೂಕಾಗಿ ಜೋಡಿಸಿದರೂ ಆ ಗಂಟು ಹೆಡ್ಡಿನ ಮೇಲೆ ಹಾಯದಂತೆ ನೋಡಿಕೊಳ್ಳುವುದು ಜಾಣತನ: ಗಂಟಿನ ಮುಂಚೆ ನಿಲ್ಲಿಸಿ, ಟೇಪು ಹೊರ ತೆಗೆದು, ಕೈಯಿಂದ ಗಂಟು ದಾಟಿಸಿ ಮತ್ತೆ ಹಚ್ಚುವುದು.

ಇನ್ನು ಡೆಕ್ಕು. 2016ರ ಜುಲೈನಲ್ಲಿ ಜಪಾನಿನ ಫುನಾಯ್ ಕಂಪನಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಡೆಕ್ಕು ಎಂಬುದೇ ಇಲ್ಲ. ಈಗ ಸಿಗುವವೆಲ್ಲ ಹಳೆಯವು, ಬಹುತೇಕ ಹತ್ತಾರು ವರ್ಷ ಕಪಾಟಿನಲ್ಲಿ ನಿಂತವು. ನಿಂತ ಡೆಕ್ಕಿನ ರಬ್ಬರ್ ಬೆಲ್ಟು ಸಡಿಲಾಗಿರುತ್ತದೆ, ಗ್ರೀಸು ಅಂಟಾಗಿ ಗಟ್ಟಿಯಾಗಿರುತ್ತದೆ. ಅಂಥದ್ದರಲ್ಲಿ ಮನೆಯವರ ಒಂದೇ ಒಂದು ಲಗ್ನದ ಕ್ಯಾಸೆಟ್ ಮೊದಲಿಗೆ ಹಾಕಿದರೆ ಟೇಪನ್ನು ನುಂಗಿ ಸುಕ್ಕು ಮಾಡಿಬಿಡುತ್ತದೆ. ಯಾವಾಗಲೂ ಬೇಡವಾದ ಕ್ಯಾಸೆಟ್ಟೊಂದನ್ನು ಹಾಕಿ ನೋಡಬೇಕು: ಐದು ಸಲ ಒಳ ತೆಗೆದುಕೊಂಡು ಹೊರ ಹಾಕಬೇಕು, ಹತ್ತು ನಿಮಿಷ ಓಡಬೇಕು, ಕೊನೆ ತನಕ ಮುಂದೆ ಹಿಂದೆ ಸುತ್ತಬೇಕು. ಸುತ್ತುವಾಗ ವೇಗ ಕುಗ್ಗಿದರೆ ಬೆಲ್ಟು ಅಥವಾ ಸುರುಳಿ ತಿರುಗಿಸುವ ಐಡ್ಲರ್ ಗಾಲಿಯ ರಬ್ಬರ್ ಸವೆದಿದೆ. ಚಿತ್ರದ ಮೇಲೆ ಅಡ್ಡ ಪಟ್ಟಿಗಳು ನಿಧಾನಕ್ಕೆ ಏರುತ್ತಿದ್ದರೆ ಪವರ್ ಸಪ್ಲೈನ ಕೆಪಾಸಿಟರ್ ಒಣಗಿದೆ. ಅದನ್ನು ರಿಪೇರಿ ಬಲ್ಲವರ ಕೈಗೇ ಕೊಡಬೇಕು, ಆ ಭಾಗದಲ್ಲಿ ಕರೆಂಟು ತೆಗೆದ ಮೇಲೂ ಹೊಡೆಯುವಷ್ಟು ಚಾರ್ಜು ಉಳಿದಿರುತ್ತದೆ.

ಹೆಡ್ ಒರೆಸುವ ಕೆಲಸವನ್ನು ಅವಸರದಲ್ಲಿ ಮಾಡಬಾರದು. ಕರೆಂಟು ತೆಗೆದು ಮುಚ್ಚಳ ಬಿಚ್ಚಿದರೆ ಓರೆಯಾಗಿ ನಿಂತ, 62 ಮಿಲಿಮೀಟರ್ ಅಡ್ಡಳತೆಯ ಹೊಳೆಯುವ ಡ್ರಮ್ಮು ಕಾಣುತ್ತದೆ. ನಮ್ಮ ಕಡೆಯ ಪಾಲ್ ಎಂಬ ವಿಡಿಯೊ ಪದ್ಧತಿಯಲ್ಲಿ ಇದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿ, ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವ, ಎಳ್ಳಿಗಿಂತ ಸಣ್ಣ ಫೆರೈಟ್ ಚೂರುಗಳೇ ಹೆಡ್ಡುಗಳು. ಕಿವಿಗೆ ಹಾಕುವ ಹತ್ತಿಕಡ್ಡಿ ಮುಟ್ಟಿಸಿದರೆ ಎಳೆ ಸಿಕ್ಕಿ ಹೆಡ್ಡು ಮುರಿಯುತ್ತದೆ. ಶಾಮಿ ಚರ್ಮದ ತುಂಡಿಗೆ ಐಪಿಎ ಹಚ್ಚಿ, ಡ್ರಮ್ಮಿನ ಮೈಗೆ ಹಗುರಾಗಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮಿನ ಮೇಲ್ತುದಿ ಹಿಡಿದು ನಿಧಾನವಾಗಿ ತಿರುಗಿಸಬೇಕು. ತುಂಡು ಹಿಡಿದ ಕೈ ಅಲ್ಲಾಡಬಾರದು. ಮೇಲೆ ಕೆಳಗೆ ಎಂದೂ ಉಜ್ಜಬಾರದು. ಚರ್ಮದ ಮೇಲೆ ಕಂದು ಗೆರೆ ಮೂಡುತ್ತದೆ. ಅದು ಉದುರಿದ ಆಕ್ಸೈಡ್. ಜಾಗ ಬದಲಿಸಿ, ಗೆರೆ ಮೂಡದ ತನಕ ಮಾಡಬೇಕು. ಧ್ವನಿಯ ನಿಂತ ಹೆಡ್ಡು, ಟೇಪು ಹಾಯುವ ಕಂಬಗಳು, ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿ ಇವಕ್ಕೆ ಹತ್ತಿಕಡ್ಡಿ ನಡೆಯುತ್ತದೆ. ಟೇಪನ್ನು ಆ ಕಡ್ಡಿಗೆ ಒತ್ತಿ ಹಿಡಿಯುವ ಪಿಂಚ್ ರೋಲರಿನ ರಬ್ಬರಿಗೆ ಐಪಿಎ ಬಹಳ ಹಚ್ಚಿದರೆ ಬಿರಿಯುತ್ತದೆ, ಒಮ್ಮೆ ಒರೆಸಿ ಒಣಬಟ್ಟೆ ಹಾಯಿಸಿದರೆ ಸಾಕು. ಐದು ಹತ್ತು ನಿಮಿಷ ಆರಲು ಬಿಟ್ಟು ಆಮೇಲೆ ಟೇಪು.

ಮುಚ್ಚಳ ತೆಗೆದಿಟ್ಟೇ ಓಡಿಸಿ ನೋಡುವವರು ಒಂದು ಸಂಗತಿ ಗಮನಿಸಬೇಕು. ಟೇಪು ಮುಗಿದದ್ದನ್ನು ಡೆಕ್ಕು ತಿಳಿಯುವುದು ತುದಿಯ ಪಾರದರ್ಶಕ ಪಟ್ಟಿಯಲ್ಲಿ ಹಾಯುವ ಬೆಳಕಿನಿಂದ. ಬಾಗಿಲಿಂದ ಬಂದ ಬಿಸಿಲು ಆ ಸೆನ್ಸರಿನ ಮೇಲೆ ಬಿದ್ದರೆ ಟೇಪು ಮುಗಿಯಿತೆಂದು ಡೆಕ್ಕು ನಿಂತುಬಿಡುತ್ತದೆ. ಕೆಟ್ಟಿದೆ ಎಂದುಕೊಂಡು ಬಿಚ್ಚಾಡುವ ಮೊದಲು ಒಂದು ದಪ್ಪ ಬಟ್ಟೆ ಮುಚ್ಚಿ ನೋಡಿ.

ಕೇಬಲ್ಲಿನಲ್ಲಿ ಹಳದಿ ಚಿತ್ರಕ್ಕೆ, ಬಿಳಿ ಎಡಗಿವಿಗೆ, ಕೆಂಪು ಬಲಗಿವಿಗೆ. ಹಳೆಯ ಮೋನೊ ಡೆಕ್ಕಿಗೆ ಧ್ವನಿಯ ತೂತು ಒಂದೇ ಇರುತ್ತದೆ; ಒಂದನ್ನು ಎರಡು ಮಾಡುವ ವೈ ಕೇಬಲ್ ಹಾಕದಿದ್ದರೆ ಫೈಲಿನಲ್ಲಿ ಒಂದೇ ಕಿವಿಗೆ ಧ್ವನಿ ಬರುತ್ತದೆ. ಕ್ಯಾಮ್‌ಕಾರ್ಡರಿನಿಂದ ನೇರ ಹಿಡಿಯುವಾಗ 3.5 ಮಿಲಿಮೀಟರಿನ ನಾಲ್ಕು ಉಂಗುರದ ಪಿನ್ ಬರುತ್ತದೆ. ಆ ಉಂಗುರಗಳ ಸರದಿ ಎಲ್ಲ ಕಂಪನಿಗೂ ಒಂದೇ ಅಲ್ಲ. ಚಿತ್ರ ಬಾರದೆ ಸ್ಪೀಕರಿನಲ್ಲಿ ಜೋರು ಗುಂಯ್ ಎಂದರೆ ಹಳದಿ ತೂತಿಗೆ ಕೆಂಪು ಪಿನ್ ಹಾಕಿ ನೋಡಬೇಕು. ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತದೆ, ಕ್ಯಾಮೆರಾ ಕೆಟ್ಟಿರುವುದಿಲ್ಲ. ಡೆಕ್ಕಿಗೂ ಡಬ್ಬಿಗೂ ಎಸ್-ವಿಡಿಯೊ ಇದ್ದರೆ ಅದನ್ನೇ ಬಳಸಬೇಕು. ಬಣ್ಣವೂ ಬೆಳಕೂ ಬೇರೆ ತಂತಿಯಲ್ಲಿ ಬರುವುದರಿಂದ ಸೀರೆಯ ಜರಿಯಂಚಿನಲ್ಲಿ ಚುಕ್ಕಿಗಳು ಹರಿದಾಡುವುದು ನಿಲ್ಲುತ್ತದೆ. ಅದು ಚಿತ್ರ ಮಾತ್ರ ಒಯ್ಯುತ್ತದೆ, ಧ್ವನಿಗೆ ಬಿಳಿ ಕೆಂಪು ಇರಲೇಬೇಕು.

ಕ್ಯಾಮ್‌ಕಾರ್ಡರಿನ ಸಣ್ಣ ಮಿನಿಡಿವಿ ಕ್ಯಾಸೆಟ್ ಕೊಟ್ಟರೆ ಈ ಡಬ್ಬಿ ಬೇಡವೇ ಬೇಡ. ಅದರಲ್ಲಿರುವುದು ಮೊದಲೇ ಡಿಜಿಟಲ್. ಫೈರ್‌ವೈರ್ ತಂತಿಯಿಂದ ಕಂಪ್ಯೂಟರಿಗೆ ಇದ್ದದ್ದು ಇದ್ದಂತೆ ಇಳಿಸಬೇಕು, ತಾಸಿಗೆ 13 ಜಿಬಿ ಆಗುತ್ತದೆ. ಹಳದಿ ತಂತಿಯಿಂದ ಹಿಡಿದರೆ ಒಳ್ಳೆಯದನ್ನು ಕೈಯಾರೆ ಕೆಡಿಸಿದಂತೆ.

ಡಬ್ಬಿಯ ಮೆನುವಿನಲ್ಲಿ ಪಾಲ್ ಆಯ್ಕೆ ಮಾಡುವುದು ಮರೆಯಬಾರದು. ಹೊಸದಾಗಿ ತಂದಾಗ ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಗೆ ಇಟ್ಟಿರುವುದುಂಟು. ಪಾಲ್‌ನಲ್ಲಿ 625 ಗೆರೆ, ಅದರಲ್ಲಿ ಕಾಣುವವು 576, ಸೆಕೆಂಡಿಗೆ 25 ಚಿತ್ರ. ಫೈಲು 720ಕ್ಕೆ 576 ಅಳತೆಯದಿರಬೇಕು, ತೋರಿಸುವ ಆಕಾರ 4:3. ಕೆಲವು ಡಬ್ಬಿಗಳು 1080ಕ್ಕೆ ಹಿಗ್ಗಿಸಿ ಕೊಡುತ್ತೇವೆ ಎನ್ನುತ್ತವೆ. ವಿಎಚ್‌ಎಸ್‌ನಲ್ಲಿ ಅಡ್ಡಡ್ಡ ಇರುವ ವಿವರವೇ ಸುಮಾರು 240 ಗೆರೆಯಷ್ಟು. ಹಿಗ್ಗಿಸಿದರೆ ಫೈಲು ದಪ್ಪವಾಗುತ್ತದೆಯೇ ಹೊರತು ಮುಖ ಸ್ಪಷ್ಟವಾಗುವುದಿಲ್ಲ. ಅಮೆರಿಕದಲ್ಲಿದ್ದ ಬಳಗದವರು ಕಳಿಸಿದ ಕ್ಯಾಸೆಟ್ ಎನ್‌ಟಿಎಸ್‌ಸಿಯದು. ಮಲ್ಟಿಸಿಸ್ಟಮ್ ಡೆಕ್ಕಿನಲ್ಲಿ ಅದು ಟಿವಿಗೆ ಬಣ್ಣದಲ್ಲೇ ಬಂದು ಡಬ್ಬಿಯಲ್ಲಿ ಮಾತ್ರ ಕಪ್ಪು ಬಿಳುಪು ಬಂದರೆ, ಡೆಕ್ಕು ಪಾಲ್ 60 ಎಂಬ ಬೆರಕೆ ಸಿಗ್ನಲ್ ಕೊಡುತ್ತಿದೆ. ಡೆಕ್ಕಿನ ಔಟ್‌ಪುಟ್ಟನ್ನು ನಿಜವಾದ ಎನ್‌ಟಿಎಸ್‌ಸಿಗೆ ಇಟ್ಟು, ಡಬ್ಬಿಯನ್ನೂ ಅದಕ್ಕೇ ಬದಲಿಸಬೇಕು.

ಚಲನೆಯ ಪರೀಕ್ಷೆಗೆ ಹುಬ್ಬಳ್ಳಿಯ ರಂಗಪಂಚಮಿಯ ಜಗ್ಗಲಗಿ ಎಂಬ ದೊಡ್ಡ ಚರ್ಮವಾದ್ಯ ಇದ್ದ ಟೇಪಿಗಿಂತ ಒಳ್ಳೆಯದಿಲ್ಲ. ಪಾಲ್ ಚಿತ್ರ ಒಂದೊಂದೂ ಅರ್ಧರ್ಧ ಗೆರೆಗಳ ಎರಡು ಕ್ಷೇತ್ರವಾಗಿ ಬರುತ್ತದೆ, ಸೆಕೆಂಡಿಗೆ 50. ಅಗ್ಗದ ಡಬ್ಬಿಗಳು ಎರಡನ್ನೂ ಕಲಸಿ ಅಥವಾ ಒಂದನ್ನು ಬಿಟ್ಟು 25 ಮಾಡುತ್ತವೆ. ಆಗ ಜಗ್ಗಲಗಿಯ ಮೇಲೆ ಬೀಳುವ ಕೋಲು ಎರಡೆರಡಾಗಿ ಕಾಣುತ್ತದೆ, ಇಲ್ಲವೆ ಜಿಗಿಜಿಗಿದು ಬೀಳುತ್ತದೆ. ಕೂತು ಮಾತಾಡುವ ಚಿತ್ರದಲ್ಲಿ ಇದು ಗೊತ್ತಾಗುವುದೇ ಇಲ್ಲ, ಕರಡಿಮಜಲು, ದೊಡ್ಡಾಟ, ಕುಸ್ತಿ ಇದ್ದರೆ ಎದ್ದು ಕಾಣುತ್ತದೆ. ಡಬ್ಬಿ ಕೊಳ್ಳುವ ಮೊದಲು ಇಂಥ ಟೇಪೊಂದನ್ನು ಅಂಗಡಿಗೇ ಒಯ್ದು ಹಿಡಿದು ನೋಡುವುದು ಅಗತ್ಯ. ಪರೀಕ್ಷೆಯನ್ನು ಮೂರು ಇಂಚಿನ ಪರದೆಯ ಮೇಲೆ ಮಾಡಬಾರದು. ಅಷ್ಟು ಸಣ್ಣದರಲ್ಲಿ ಎಲ್ಲವೂ ಚೆಂದ ಕಾಣುತ್ತದೆ. ಕಾರ್ಡು ತೆಗೆದು ಕಂಪ್ಯೂಟರಿಗೋ ದೊಡ್ಡ ಟಿವಿಗೋ ಹಾಕಬೇಕು.

ಕಾರ್ಡಿನ ಲೆಕ್ಕ ಸುಲಭ. ಹತ್ತು ನಿಮಿಷ ಹಿಡಿದು ಫೈಲಿನ ತೂಕ ನೋಡಿ. ಸೆಕೆಂಡಿಗೆ 6 ಮೆಗಾಬಿಟ್ ಬರೆಯುವ ಡಬ್ಬಿಯಲ್ಲಿ 450 ಎಂಬಿ ಆಗುತ್ತದೆ, ತಾಸಿಗೆ 2.7 ಜಿಬಿ, ಪೂರಾ ಮೂರು ತಾಸಿನ ಇ-180ಕ್ಕೆ 8.1 ಜಿಬಿ. 32 ಜಿಬಿ ಕಾರ್ಡಿನಲ್ಲಿ ಹನ್ನೊಂದು ತಾಸು ಹಿಡಿಯುತ್ತದೆ. ಇದಕ್ಕಿಂತ ಬಹಳ ಕಡಿಮೆ ತೂಗಿದರೆ ಆ ಡಬ್ಬಿ ಚಿತ್ರವನ್ನು ಅತಿಯಾಗಿ ಹಿಂಡುತ್ತಿದೆ, ಹಂದರದ ಹೂಮಾಲೆ, ಅಕ್ಕಿಕಾಳು ಇಂಥ ಸಣ್ಣ ವಿವರವಿದ್ದಲ್ಲಿ ಚೌಕ ಚೌಕ ಕಾಣುತ್ತದೆ. ಎಫ್‌ಎಟಿ32 ಎಂಬ ಪದ್ಧತಿಯಲ್ಲಿ ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಈ ವೇಗದಲ್ಲಿ ಅದು ಒಂದೂವರೆ ತಾಸಿನ ಸುಮಾರಿಗೆ ಬರುತ್ತದೆ. ಡಬ್ಬಿ ತಾನೇ ಹೊಸ ಫೈಲು ಶುರು ಮಾಡುತ್ತದೆ, ಆದರೆ ಆ ಹೊರಳಿನಲ್ಲಿ ಕೆಲವು ಚಿತ್ರ ಬಿಟ್ಟುಹೋಗಬಹುದು. ಲಗ್ನದ ಊಟದ ಪಂಕ್ತಿಯಲ್ಲಿ ಹೋದರೆ ನಡೆದೀತು. ಖಯಾಲಿನ ಆಲಾಪದ ನಡುವೆ ಹೋದರೆ ಕಿವಿಗೆ ಚುಚ್ಚುತ್ತದೆ. ಸಂಗೀತದ ಟೇಪಾದರೆ ಒಂದು ರಾಗ ಮುಗಿದು ತಂಬೂರಿ ಶ್ರುತಿ ಮಾಡುವ ಹೊತ್ತು ನೋಡಿ ನಾವೇ ನಿಲ್ಲಿಸಿ, ಅರ್ಧ ನಿಮಿಷ ಹಿಂದೆ ಸುತ್ತಿ, ಹೊಸ ಫೈಲು ಶುರು ಮಾಡುವುದು ಒಳ್ಳೆಯದು. ಕಾರ್ಡು ನಕಲಿಯಿದ್ದರೆ ಇದೆಲ್ಲ ವ್ಯರ್ಥ: ಮೇಲೆ 64 ಎಂದು ಬರೆದಿದ್ದು ಒಳಗೆ 8 ಇದ್ದರೆ ಡಬ್ಬಿ ಬರೆಯುತ್ತಲೇ ಇರುತ್ತದೆ, ಆಮೇಲೆ ಫೈಲು ತೆರೆಯುವುದಿಲ್ಲ. ಹೊಸ ಕಾರ್ಡನ್ನು ಕಂಪ್ಯೂಟರಿನಲ್ಲಿ ತುಂಬ ಬರೆದು, ಮರಳಿ ಓದಿ ಪರೀಕ್ಷಿಸಿಯೇ ಕೆಲಸಕ್ಕೆ ಹಾಕಬೇಕು.

ಈಗ ಟೇಪು ಹಚ್ಚುವುದು. ಹಿಂದಿನ ದಿನವೇ ಕ್ಯಾಸೆಟ್ಟನ್ನು ಡೆಕ್ಕು ಇರುವ ಕೋಣೆಯಲ್ಲಿ ಇಟ್ಟು ಅಲ್ಲಿಯ ಹವೆಗೆ ಒಗ್ಗಿಸಿರಬೇಕು. ಡೆಕ್ಕು ಅರ್ಧ ತಾಸು ಚಾಲೂ ಇದ್ದು ಬಿಸಿಯಾಗಿರಬೇಕು. ಒಮ್ಮೆ ಕೊನೆ ತನಕ ಮುಂದೆ ಸುತ್ತಿ, ಮತ್ತೆ ಹಿಂದೆ ಸುತ್ತಿ, ವರ್ಷಗಟ್ಟಲೆ ಬಿಗಿದು ಕೂತ ಸುರುಳಿಯನ್ನು ಸಮ ಮಾಡಬೇಕು. ಆಮೇಲೆ ಟ್ರ್ಯಾಕಿಂಗ್, ಅಂದರೆ ಹೆಡ್ಡು ಟೇಪಿನ ಓರೆ ಗೆರೆಗಳ ಮೇಲೇ ಹಾಯುವಂತೆ ಹೊಂದಿಸುವುದು. ಡೆಕ್ಕು ತಾನೇ ಹೊಂದಿಸಿಕೊಂಡದ್ದನ್ನು ನಂಬದೆ, ಮುಖಗಳಿರುವ ಒಂದು ದೃಶ್ಯದಲ್ಲಿ ಗುಂಡಿ ಒತ್ತಿ ಅತ್ತಿತ್ತ ಹೋಗಿ, ಗೊರಕಲು ಪಟ್ಟಿ ಎರಡೂ ಕಡೆಗೆ ಎಲ್ಲಿ ಶುರುವಾಗುತ್ತದೆ ನೋಡಿ, ನಡುವೆ ನಿಲ್ಲಿಸಬೇಕು. ಬೇರೆ ಬೇರೆ ಕ್ಯಾಮೆರಾದಲ್ಲಿ ತುಂಬಿದ ಟೇಪಿಗೆ ಪ್ರತಿ ತುಣುಕಿಗೂ ಇದನ್ನು ಮತ್ತೆ ಮಾಡಬೇಕಾಗುತ್ತದೆ. ಚಿತ್ರದ ಕೆಳತುದಿಯಲ್ಲಿ ಆರೆಂಟು ಗೆರೆ ಕದಡಿದಂತೆ ಕಂಡರೆ ಅದು ದೋಷವಲ್ಲ. ಹೆಡ್ಡು ಬದಲಾಗುವ ಜಾಗ ಅದು, ಹಳೆಯ ಟಿವಿಯ ಚೌಕಟ್ಟು ಅದನ್ನು ಮುಚ್ಚಿಡುತ್ತಿತ್ತು.

ಧ್ವನಿಯಲ್ಲಿ ಒಂದೇ ಸಮ ಹೂಂ ಎಂಬ ಗುಂಜು ಬಂದರೆ ಕಾರಣ ಸಾಮಾನ್ಯವಾಗಿ ಭೂಮಿ ತಂತಿ: ಡೆಕ್ಕು ಒಂದು ಪ್ಲಗ್ಗಿನಲ್ಲಿ, ಡಬ್ಬಿಯ ಚಾರ್ಜರ್ ಇನ್ನೊಂದರಲ್ಲಿ, ಮೇಲೆ ಕೇಬಲ್ ಟಿವಿಯ ತಂತಿಯೂ ಜೋಡಿಸಿದ್ದಾಗ ಈ 50 ಹರ್ಟ್ಸಿನ ಗುಂಜು ಹುಟ್ಟುತ್ತದೆ. ಟಿವಿ ತಂತಿ ಕಿತ್ತು, ಡಬ್ಬಿಯನ್ನು ಪವರ್ ಬ್ಯಾಂಕಿನ ಮೇಲೆ ಓಡಿಸಿದರೆ ನಿಲ್ಲುತ್ತದೆ. ಪವರ್ ಬ್ಯಾಂಕಿನಿಂದ ಇನ್ನೊಂದು ಲಾಭವೂ ಇದೆ. ಎಂಪಿ4 ಫೈಲಿನ ಸೂಚಿ ಬರೆಯುವುದು ಕೊನೆಯಲ್ಲಿ, ಸ್ಟಾಪ್ ಒತ್ತಿದ ಮೇಲೆ. ನಡುವೆ ಡಬ್ಬಿಗೆ ವಿದ್ಯುತ್ ತಪ್ಪಿದರೆ ಎರಡು ತಾಸಿನ ಫೈಲು ಕಾರ್ಡಿನಲ್ಲಿ ತೂಕಕ್ಕೆ ಇರುತ್ತದೆ, ತೆರೆಯುವುದಿಲ್ಲ. ಹಾಗಾದಾಗ ಕಾರ್ಡನ್ನು ಫಾರ್ಮ್ಯಾಟ್ ಮಾಡದೆ ತೆಗೆದಿಡಬೇಕು. ಅದೇ ಡಬ್ಬಿಯ ಒಳ್ಳೆಯ ಫೈಲೊಂದನ್ನು ಮಾದರಿಯಾಗಿ ಕೊಟ್ಟರೆ ಅನ್‌ಟ್ರಂಕ್ ಎಂಬ ಉಚಿತ ತಂತ್ರಾಂಶ ಬಹಳ ಸಲ ಅದನ್ನು ಬದುಕಿಸುತ್ತದೆ. ಕರೆಂಟು ಹೋದರೆ ಡೆಕ್ಕು ನಿಲ್ಲುತ್ತದೆ, ಆದರೆ ಡಬ್ಬಿ ಜೀವಂತವಿರುವುದರಿಂದ ಸ್ಟಾಪ್ ಒತ್ತಿ ಆ ತನಕದ್ದನ್ನು ಉಳಿಸಿಕೊಳ್ಳಬಹುದು.

ಎಲ್ಲಕ್ಕಿಂತ ಕಾಡುವ ತೊಂದರೆ ಚಿತ್ರ ಜಾರುವುದು. ಹಿಗ್ಗಿದ, ಸುಕ್ಕಾದ ಟೇಪಿನಿಂದ ಬರುವ ಗೆರೆಗಳು ಸಮಯಕ್ಕೆ ಸರಿಯಾಗಿ ಬರುವುದಿಲ್ಲ. ಹಳೆಯ ಟಿವಿ ಅದನ್ನು ಹೇಗೋ ಸುಧಾರಿಸಿಕೊಳ್ಳುತ್ತಿತ್ತು, ಡಬ್ಬಿ ಸುಧಾರಿಸಿಕೊಳ್ಳುವುದಿಲ್ಲ. ಅದು ಚಿತ್ರ ಬಿಟ್ಟುಬಿಡುತ್ತದೆ, ಇಲ್ಲವೆ ಸಿಗ್ನಲ್ ಇಲ್ಲ ಎಂದು ನೀಲಿ ಪರದೆ ಹಾಕುತ್ತದೆ. ಮನೆಯ ಟೇಪನ್ನೇ ನಕಲು ತಡೆಯಿರುವ ಕ್ಯಾಸೆಟ್ ಎಂದು ತಪ್ಪಾಗಿ ತಿಳಿದು ನಿಲ್ಲುವುದೂ ಉಂಟು. ಪತ್ತೆ ಹಚ್ಚುವ ಉಪಾಯ: ಶುರುವಿನಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ ಸರಿಯಾಗಿ 60 ನಿಮಿಷ ಹಿಡಿಯಿರಿ. ಫೈಲು 59 ನಿಮಿಷ 57 ಸೆಕೆಂಡ್ ತೋರಿಸಿದರೆ 75 ಚಿತ್ರ ಕಳೆದಿವೆ. ಧ್ವನಿ ಕಳೆಯದೆ ಚಿತ್ರ ಮಾತ್ರ ಕಳೆಯುವುದರಿಂದ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತ ಹೋಗುತ್ತದೆ. ಲಗ್ನದ ಟೇಪಿನಲ್ಲಿ ಇದಕ್ಕೆ ಒಳ್ಳೆಯ ಗುರುತು ಅಕ್ಕಿಕಾಳಿನ ಹೊತ್ತು: "ಸಾವಧಾನ" ಮುಗಿದು ಕೈಗಳು ಮೇಲೇಳುವುದು, ಬಾಜಾದ ಮೊದಲ ಪೆಟ್ಟು, ಚಪ್ಪಾಳೆ. ಅಲ್ಲಿ ಕೈ ಮೊದಲೋ ಸಪ್ಪಳ ಮೊದಲೋ ನೋಡಿದರೆ ತಿಳಿಯುತ್ತದೆ.

ಇದಕ್ಕೆ ಮದ್ದು ಡಬ್ಬಿಯಲ್ಲಿಲ್ಲ, ಡೆಕ್ಕಿಗೂ ಡಬ್ಬಿಗೂ ನಡುವೆ ಇದೆ. ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಗೆರೆಗಳನ್ನು ತನ್ನ ನೆನಪಿನಲ್ಲಿ ಹಿಡಿದು ಸಮ ಅಳತೆಯಲ್ಲಿ ಹೊರಗೆ ಬಿಡುತ್ತದೆ. ಪ್ರತ್ಯೇಕವಾಗಿ ಕೊಳ್ಳಲು ಹೋದರೆ ಬಹಳ ತುಟ್ಟಿ. ಪ್ಯಾನಾಸಾನಿಕ್‌ನ ಡಿಎಂಆರ್-ಇಎಸ್10, ಇಎಸ್15ರಂಥ ಹಳೆಯ ಡಿವಿಡಿ ರೆಕಾರ್ಡರ್ ಸಿಕ್ಕರೆ ಬಿಡಬೇಡಿ. ಅದರಲ್ಲಿ ಡಿವಿಡಿ ಹಾಕದೆ, ಡೆಕ್ಕಿನ ಸಿಗ್ನಲ್ ಒಳಗೆ ಬಿಟ್ಟು ಹೊರಗೆ ತೆಗೆದರೆ ಸಾಕು, ಚಿತ್ರದ ಮೇಲ್ಭಾಗ ಬಾಗುವುದು, ನಡುಗುವುದು ಬಹಳಷ್ಟು ನಿಲ್ಲುತ್ತದೆ. ಕ್ಯಾಮ್‌ಕಾರ್ಡರಿನ ಹೈ8 ಮತ್ತು ವಿಡಿಯೊ8 ಎಂಬ ಸಣ್ಣ ಕ್ಯಾಸೆಟ್ಟಿಗೆ, ಹಳೆಯ ಅನಲಾಗ್ ಟೇಪನ್ನೂ ಓದುವ ಸೋನಿ ಡಿಜಿಟಲ್8 ಕ್ಯಾಮ್‌ಕಾರ್ಡರ್ ಸಿಕ್ಕರೆ ಅದರಲ್ಲಿ ಈ ತಿದ್ದುವ ಏರ್ಪಾಡು ಒಳಗೇ ಇರುತ್ತದೆ.

ಮೂರು ತಾಸಿನ ಟೇಪಿಗೆ ಮೂರು ತಾಸೇ ಬೇಕು, ಇದರಲ್ಲಿ ಅಡ್ಡದಾರಿಯಿಲ್ಲ. ಬಿಟ್ಟು ಹೋಗಿ ಕೆಲಸ ಮಾಡಬಹುದು ಎಂದು ಹೇಳುವವರಿದ್ದಾರೆ, ನಾವು ಹೇಳುವುದಿಲ್ಲ. ಹೆಡ್ಡು ಮುಚ್ಚಿಕೊಳ್ಳುವುದು ನಡುವೆಯೇ, ಚಿತ್ರ ಪೂರಾ ಹಿಮವಾಗಿ ಧ್ವನಿ ಮಾತ್ರ ಚೊಕ್ಕ ಬರುತ್ತಿರುತ್ತದೆ. ಕೂಡಲೇ ನಿಲ್ಲಿಸಿ ಹೆಡ್ಡು ಒರೆಸಬೇಕು, ಎಳೆಯುತ್ತ ಹೋದರೆ ಟೇಪೇ ಉಜ್ಜಿ ಕೆಡುತ್ತದೆ. ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಕ್ಯಾಸೆಟ್.

ಮುಗಿದ ಮೇಲೆ ಫೈಲುಗಳನ್ನು ಕಾರ್ಡಿನಿಂದ ಎರಡು ಬೇರೆ ಹಾರ್ಡ್‌ಡಿಸ್ಕಿಗೆ ಇಳಿಸಿ, ತೆರೆದು ನೋಡಿ, ಆಮೇಲಷ್ಟೇ ಕಾರ್ಡು ಖಾಲಿ ಮಾಡಬೇಕು. ತುಂಡುಗಳನ್ನು ಜೋಡಿಸಲು ಲಾಸ್‌ಲೆಸ್‌ಕಟ್ ಎಂಬ ತಂತ್ರಾಂಶ ಸಾಕು. ಮತ್ತೆ ಅಡಕದೆ ಇದ್ದಂತೆ ಜೋಡಿಸುತ್ತದೆ. ಮೂಲ ತುಂಡುಗಳನ್ನೂ ಉಳಿಸಿಕೊಳ್ಳಿ. ಕ್ಯಾಸೆಟ್ಟನ್ನು ಪೂರ್ತಿ ಒಂದು ಬದಿಗೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ನೆಲಕ್ಕೂ ಹೊರಗೋಡೆಗೂ ತಾಗದ ಕಪಾಟಿನಲ್ಲಿ ಇಡಲು ಹೇಳಿ ಮರಳಿ ಕೊಡಬೇಕು. ಎಸೆಯಲು ಯಾರಿಗೂ ಹೇಳಬಾರದು. ನಾಳೆ ಇದಕ್ಕಿಂತ ಒಳ್ಳೆಯ ಡೆಕ್ಕು ಸಿಕ್ಕರೆ ಮತ್ತೆ ಹಿಡಿಯಲು ಮೂಲ ಅದೊಂದೇ.

ಫೈಲು ಕೊಡುವ ದಿನ ಮನೆಯ ಹಿರಿಯರ ಜೊತೆ ಕೂತು ಟಿವಿಯಲ್ಲಿ ಒಮ್ಮೆ ಹಾಯಿಸುವುದು ಈ ಕೆಲಸದ ಭಾಗವೇ. ಲೇಬಲ್ ಮೇಲೆ ಲಗ್ನ, ಇಸವಿ ಬಿಟ್ಟು ಏನೂ ಇರುವುದಿಲ್ಲ. ಬೈಠಕ್ಕಿನ ಟೇಪಿನ ಮೇಲೆ ಹಾಡಿದವರ ಹೆಸರಿರುತ್ತದೆ, ತಬಲಾ, ಪೇಟಿ ನುಡಿಸಿದವರದು ಇರುವುದಿಲ್ಲ. ಮುಖ ಬಂದಲ್ಲಿ ನಿಲ್ಲಿಸಿ, "ಯವ್ವಾ, ಈ ಪಟಗಾ ಸುತ್ತಿದಾವ್ರು ಯಾರ್ರೀ?" ಎಂದು ಕೇಳಿದರೆ ಮುದುಕಮ್ಮ ಪರದೆಯ ಹತ್ತಿರ ಬಂದು ನೋಡಿ, "ಅವ್ರs? ನಮ್ಮ ಸ್ವಾದರಮಾವ. ಬಾಜೂಕ ನಿಂತಾವ ಅವರ ಹಿರೇಮಗ" ಎನ್ನುತ್ತಾಳೆ. ಹೇಳಿದ್ದನ್ನು ಆ ಕ್ಷಣದ ಸಮಯದ ಮುಂದೆ ಬರೆದು, ಫೈಲಿನ ಹೆಸರಿನದೇ ಒಂದು ಪಠ್ಯ ಕಡತ ಮಾಡಿ ಜೊತೆಗಿಡಬೇಕು: ತಾಸು, ನಿಮಿಷ, ಸೆಕೆಂಡು, ಎಡದಿಂದ ಎಷ್ಟನೆಯವರು, ಹೆಸರು, ಊರು.